ಕುದುರೆಮುಖ ಟೌನ್‌ಶಿಪ್ ಖಾಲಿಯಾಗಿದ್ದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಳಸದಿಂದ ಕಾರ್ಕಳಕ್ಕೆ ಘಟ್ಟದ ದಾರಿಯಲ್ಲಿ ಹೋದವರು ವಾಪಸ್ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅಷ್ಟೊಂದು ಮನೆ ಕಟ್ಟಿ ಯಾಕೆ ಬಿಟ್ಟು ಹೋದರು, ಯಾರು ಓಡಿಸಿದರು, ಒಳಗೆ ಹೋಗಬಹುದಾ, ಹೀಗೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ಕುದುರೆಮುಖ ಅಂದ್ರೆ ಬೆಟ್ಟ ಅಲ್ವಾ? ಊರು ಎಲ್ಲಿಂದ ಬಂತು?

ಬೆಟ್ಟವೂ ಇದೆ, ಊರೂ ಇದೆ. ಸುತ್ತಲಿನ ರಾಷ್ಟ್ರೀಯ ಉದ್ಯಾನಕ್ಕೂ ಅದೇ ಹೆಸರು. ಮಂಗಳೂರಿನ ಪಣಂಬೂರಲ್ಲಿರುವ ಕಾರ್ಖಾನೆಯನ್ನೂ ಜನ ಕುದುರೆಮುಖ ಅಂತಲೇ ಕರೆಯುತ್ತಾರೆ. ಹಾಗಾಗಿ ಗೊಂದಲ ಆಗುವುದು ಸಹಜ. ಟ್ರೆಕ್ಕಿಂಗ್‌ನವರು ಹತ್ತುವ ಶಿಖರ ಸುಮಾರು 1,890 ಮೀಟರ್ ಎತ್ತರ ಇದೆ, ಅದಕ್ಕೆ ಸಂಸೆ ಹತ್ತಿರದ ಮುಳ್ಳೋಡಿಯಿಂದ ಹೋಗಬೇಕು. ನಾವಿಲ್ಲಿ ಮಾತಾಡುತ್ತಿರುವುದು ಗಣಿ ಕಂಪನಿ ಕಟ್ಟಿದ ಟೌನ್‌ಶಿಪ್ ಬಗ್ಗೆ. ಆ ಜಾಗಕ್ಕೆ ಮಲ್ಲೇಶ್ವರ ಅಂತಲೂ ಹೆಸರಿದೆ. ಪಕ್ಕದಲ್ಲೇ ಭದ್ರಾ ನದಿ ಹರಿಯುತ್ತದೆ. ಮೊದಲು ಮೂಡಿಗೆರೆ ತಾಲೂಕಿನಲ್ಲಿತ್ತು, ಈಗ ಕಳಸ ತಾಲೂಕು.

ಅಲ್ಲಿ ಅದಿರಿದೆ ಅಂತ ಯಾವಾಗ ಗೊತ್ತಾಯ್ತು?

1913ರಲ್ಲಿ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಇದನ್ನು ಗುರುತಿಸಿದರು. ಆದರೆ ಆಮೇಲೆ ಅರವತ್ತು ವರ್ಷ ಗಣಿ ಕೆಲಸ ಶುರುವಾಗಲಿಲ್ಲ, ಅದಕ್ಕೆ ಕಾರಣವೂ ಇತ್ತು. ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡ 38ರ ಆಸುಪಾಸು ಮಾತ್ರ. ಬಳ್ಳಾರಿ ಕಡೆಯ ಅದಿರಿನ ಹಾಗೆ ಅಗೆದು ಲಾರಿಗೆ ತುಂಬಿ ಕಳಿಸುವಂಥದ್ದಲ್ಲ. ಪುಡಿ ಮಾಡಬೇಕು, ನೀರಲ್ಲಿ ಕಲಸಬೇಕು, ಕಬ್ಬಿಣ ಇರುವ ಭಾಗವನ್ನು ಬೇರ್ಪಡಿಸಬೇಕು. ದುಡ್ಡಿಲ್ಲದೆ ಆಗುವ ಕೆಲಸವಲ್ಲ. ಮೇಲೆ ರಸ್ತೆ ಇಲ್ಲ, ರೈಲು ಇಲ್ಲ, ವರ್ಷದ ಅರ್ಧ ದಿನ ಮಳೆ.

ಇರಾನ್ ದೊರೆ ದುಡ್ಡು ಕೊಟ್ಟಿದ್ದು ಅನ್ನೋದು ನಿಜಾನಾ?

ನಿಜ. ಇದು ಕೇಳಿದವರು ನಂಬದ ಭಾಗ, ಆದರೆ ಊರು ಹುಟ್ಟಿದ್ದೇ ಇದರಿಂದ.

1975ರಲ್ಲಿ ಭಾರತಕ್ಕೂ ಇರಾನಿಗೂ ಒಪ್ಪಂದ ಆಯಿತು. ಎಣ್ಣೆಯ ದುಡ್ಡು ಕೈತುಂಬ ಇದ್ದ ಕಾಲ ಅದು. ಶಾ ತನ್ನ ದೇಶದಲ್ಲಿ ದೊಡ್ಡ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟಿಸುವ ಲೆಕ್ಕದಲ್ಲಿದ್ದ. 63 ಕೋಟಿ ಡಾಲರ್ ಸಾಲ ಇರಾನಿನದ್ದು, ಬದಲಿಗೆ ಇಲ್ಲಿಂದ ಇಪ್ಪತ್ತೊಂದು ವರ್ಷದಲ್ಲಿ 15 ಕೋಟಿ ಟನ್ ಸಾರೀಕರಿಸಿದ (ಹೀಗೆ ಕಬ್ಬಿಣದ ಭಾಗ ಬೇರ್ಪಡಿಸಿದ) ಅದಿರು ಅಲ್ಲಿಗೆ ಹೋಗಬೇಕು. ಇದಕ್ಕಾಗಿಯೇ 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ಅದು ಕೇಂದ್ರ ಸರ್ಕಾರದ ಕಂಪನಿ. ಕೆಲಸ ಎಷ್ಟು ಬಿರುಸಾಗಿ ನಡೆಯಿತು ಅಂದರೆ 1980ರ ಹೊತ್ತಿಗೆ ಗಣಿ, ಯಂತ್ರಾಗಾರ, ಪೈಪು, ಬಂದರು, ಟೌನ್‌ಶಿಪ್ ಎಲ್ಲ ತಯಾರು. ಸರ್ಕಾರಿ ಕೆಲಸ ಹೇಳಿದ ಹೊತ್ತಿಗೆ ಮುಗಿಯಿತು ಅಂದರೆ ಇವತ್ತಿಗೂ ಆಶ್ಚರ್ಯವೇ.

ಅಷ್ಟರಲ್ಲಿ ಕೊಳ್ಳುವವನೇ ಇಲ್ಲ! 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಾ ದೇಶ ಬಿಟ್ಟ. ಒಪ್ಪಿದ 63 ಕೋಟಿಯಲ್ಲಿ 25.5 ಕೋಟಿ ಡಾಲರ್ ಬಂದಿತ್ತು, ಉಳಿದದ್ದು ಬರಲಿಲ್ಲ. ಅದಿರನ್ನೂ ಅವರು ಒಯ್ಯಲಿಲ್ಲ. ಬಾಕಿ ಖರ್ಚನ್ನು ಭಾರತ ಸರ್ಕಾರವೇ ಹಾಕಿತು. ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡು, ಮುಂದೆ 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಮಾಡುವ ಪೆಲೆಟ್ ಘಟಕ ಹಾಕಿ, ಹೇಗೋ ತನ್ನ ಕಾಲ ಮೇಲೆ ನಿಂತಿತು.

ನನ್ನ ಪ್ರಕಾರ ಈ ಊರನ್ನು ಅರ್ಥ ಮಾಡಿಕೊಳ್ಳೋಕೆ ಇದೇ ಮುಖ್ಯ. ಅದು ತಾನಾಗಿ ಬೆಳೆದ ಊರಲ್ಲ. ಒಂದು ಒಪ್ಪಂದಕ್ಕೋಸ್ಕರ, ಒಂದು ಗಿರಾಕಿಗೋಸ್ಕರ, ಕಾಡಿನ ಮಧ್ಯೆ ತಂದು ಇಟ್ಟ ಊರು.

ಘಟ್ಟದಿಂದ ಮಂಗಳೂರಿಗೆ ಅದಿರು ಹೇಗೆ ಹೋಗ್ತಿತ್ತು? ಲಾರಿನಾ?

ಪೈಪಿನಲ್ಲಿ. ಪುಡಿ ಮಾಡಿ ಬೇರ್ಪಡಿಸಿದ ಅದಿರನ್ನು ನೀರಿನ ಜೊತೆ ಕಲಸಿ ಬಗ್ಗಡ ಮಾಡಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಬಿಡುತ್ತಿದ್ದರು. ಘಟ್ಟದ ಇಳಿಜಾರೇ ಅದನ್ನು ಪಣಂಬೂರಿನವರೆಗೆ ಮುಟ್ಟಿಸುತ್ತಿತ್ತು. ಅಲ್ಲಿ ನೀರು ಸೋಸಿ, ಒಣಗಿಸಿ, ಹಡಗಿಗೆ ತುಂಬುವುದು. ವರ್ಷಕ್ಕೆ 75 ಲಕ್ಷ ಟನ್ ತೆಗೆಯುವ ಸಾಮರ್ಥ್ಯದ ಯೋಜನೆ ಇದು. ಅಷ್ಟನ್ನು ಆ ತಿರುವುಗಳಲ್ಲಿ ಲಾರಿಯಲ್ಲಿ ಸಾಗಿಸಿದ್ದರೆ ಬೇರೆ ಯಾವ ವಾಹನವೂ ಓಡಾಡುವ ಹಾಗಿರಲಿಲ್ಲ.

ಇದರ ಇನ್ನೊಂದು ಮುಖ ಲಕ್ಯಾ ಅಣೆಕಟ್ಟು. ಸುಮಾರು ಮೂರು ಟನ್ ಅಗೆದರೆ ಒಂದು ಟನ್ ಮಾಲು ಸಿಗುತ್ತದೆ, ಉಳಿದ ಎರಡು ಟನ್ ಕೆಸರು. ಆ ಕೆಸರನ್ನು ಎಲ್ಲಾದರೂ ಹಾಕಬೇಕಲ್ಲ? ಅದಕ್ಕೇ ಲಕ್ಯಾ ಹೊಳೆಗೆ ಅಡ್ಡವಾಗಿ ಕಟ್ಟೆ ಕಟ್ಟಿದರು, ಎತ್ತರ ಸುಮಾರು 100 ಮೀಟರ್. ಫೋಟೋದಲ್ಲಿ ಕೆರೆಯಂತೆ ಕಾಣುವ ಆ ಜಾಗದಲ್ಲಿ ನೀರಿಗಿಂತ ಜಾಸ್ತಿ ಇರುವುದು ಇಪ್ಪತ್ತೈದು ವರ್ಷದ ಗಣಿ ಹೂಳು.

ಟೌನ್‌ಶಿಪ್‌ನಲ್ಲಿ ಏನೇನಿತ್ತು?

ಒಂದು ಊರಿಗೆ ಬೇಕಾದ್ದೆಲ್ಲ. ಆಫೀಸರುಗಳಿಗೆ, ಕಾರ್ಮಿಕರಿಗೆ ಬೇರೆ ಬೇರೆ ದರ್ಜೆಯ ಕ್ವಾರ್ಟರ್ಸ್, ಆಸ್ಪತ್ರೆ, ಕೇಂದ್ರೀಯ ವಿದ್ಯಾಲಯ, ಗಿರಿಜ್ಯೋತಿ ಕಾನ್ವೆಂಟ್, ಸಹ್ಯಾದ್ರಿ ಭವನ ಅನ್ನುವ ಅತಿಥಿಗೃಹ, ಅಂಗಡಿಗಳು. ದೇಶದ ಬೇರೆ ಬೇರೆ ಕಡೆಯಿಂದ ಬಂದ ಎಂಜಿನಿಯರುಗಳ ಮಕ್ಕಳೂ ದಕ್ಷಿಣ ಕನ್ನಡದಿಂದ, ಮಲೆನಾಡಿನಿಂದ ಬಂದ ಕಾರ್ಮಿಕರ ಮಕ್ಕಳೂ ಅಲ್ಲೇ ಬೆಳೆದರು. ಅಲ್ಲಿ ಓದಿದವರನ್ನು ಮಾತಾಡಿಸಿ ನೋಡಿ, ಮೊದಲು ಹೇಳುವುದು ಮಳೆ ಬಗ್ಗೆ. ಜೂನ್‌ನಲ್ಲಿ ಹಿಡಿದರೆ ಬಿಡುವುದೇ ಇಲ್ಲ, ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು. ಎರಡನೆಯದು, ಯಾರ ಮನೆಗೂ ಬಾಡಿಗೆಯ ಚಿಂತೆ ಇರಲಿಲ್ಲ ಅನ್ನುವುದು. ಈ ಎರಡನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸುಪ್ರೀಂ ಕೋರ್ಟ್ ಗಣಿ ಮುಚ್ಚಿಸಿದ್ದು ಯಾಕೆ?

ಇದಕ್ಕೆ ಒಂದೇ ಕಾರಣ ಹೇಳುವವರನ್ನು ನಂಬಬೇಡಿ.

ಮೊದಲನೆಯದು ಜಾಗ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಬೆಟ್ಟಸಾಲಿನ ಗಂಗಾಮೂಲದಲ್ಲಿ. ಮೇಲೆ ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಕಾಡು. ಇಂಥ ಕಡೆ ಬೆಟ್ಟದ ಚರ್ಮ ಸುಲಿದರೆ ಮಳೆಗಾಲದಲ್ಲಿ ಮಣ್ಣು ಎಲ್ಲಿಗೆ ಹೋಗುತ್ತದೆ ಹೇಳಿ? ಸೀದಾ ಭದ್ರೆಗೆ. ಭದ್ರೆ ಮುಂದೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಅಣೆಕಟ್ಟಿಗೆ ಸೇರುತ್ತದೆ, ಆ ನೀರನ್ನು ನಂಬಿ ಬಯಲುಸೀಮೆಯವರೆಗೆ ಗದ್ದೆ ತೋಟ ಇವೆ. ಕೆಂಪು ನೀರಿನ ಜಗಳ ಶುರುವಾಗಿದ್ದೇ ಹಾಗೆ.

ಎರಡನೆಯದು ಸಿಂಗಳೀಕ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಈ ಕೋತಿಗಳ ಸಮೀಕ್ಷೆ ಮಾಡಿದ ಮೇಲೆ, 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವುದಾಗಿ ಸರ್ಕಾರ ಪ್ರಕಟಿಸಿತು. ಗಣಿ ಇದ್ದದ್ದು ಅದರ ಮಧ್ಯದಲ್ಲೇ. ಒಂದೇ ಬೆಟ್ಟದಲ್ಲಿ ಒಂದು ಕಡೆ ಡೈನಮೈಟು, ಇನ್ನೊಂದು ಕಡೆ ರಾಷ್ಟ್ರೀಯ ಉದ್ಯಾನದ ಬೋರ್ಡು. ಇದು ಎಷ್ಟು ದಿನ ನಡೆಯುತ್ತದೆ?

ಮೂರನೆಯದು ಕಾಗದ. ಗಣಿ ಗುತ್ತಿಗೆ ಕಂಪನಿ ಹುಟ್ಟುವುದಕ್ಕೂ ಮುಂಚಿನ 1969ರದ್ದು, ಮೂವತ್ತು ವರ್ಷಕ್ಕೆ. 1999ರಲ್ಲಿ ಮುಗಿಯಿತು. ಕಂಪನಿ ಇನ್ನೂ ಇಪ್ಪತ್ತು ವರ್ಷ ಕೇಳಿತು. ಗಂಗಡಿಕಲ್ಲು, ನೆಲ್ಲಿಬೀಡು ಬೆಟ್ಟಗಳ ಕಡೆಗೂ ಅಗೆಯುವ ಆಸೆ ಇತ್ತು. ಅಷ್ಟೊತ್ತಿಗೆ ಶೃಂಗೇರಿ, ಕೊಪ್ಪ, ಶಿವಮೊಗ್ಗ ಕಡೆ ತುಂಗಾ ಮೂಲ ಉಳಿಸಿ ಹೋರಾಟ ಜೋರಾಗಿತ್ತು. ರೈತರು, ಸಾಹಿತಿಗಳು, ವಿದ್ಯಾರ್ಥಿಗಳು ಎಲ್ಲ ಸೇರಿದರು. ಹೊಸ ಬೆಟ್ಟಕ್ಕೆ ಕೈ ಹಾಕದೆ ಇದ್ದಿದ್ದರೆ ಕಂಪನಿಗೆ ಇನ್ನೊಂದಿಷ್ಟು ವರ್ಷ ಸಿಗುತ್ತಿತ್ತೇನೋ ಅಂತ ನನಗೆ ಅನ್ನಿಸುತ್ತದೆ, ಇದು ನನ್ನ ಊಹೆ ಅಷ್ಟೇ.

ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಆಗಲೇ ಅಗೆದಿರುವ ಜಾಗದ ಮೆದು ಅದಿರನ್ನು ಮಾತ್ರ ತೆಗೆಯಬಹುದು, ಅದೂ 2005ರ ಕೊನೆಯ ತನಕ, ಆಮೇಲೆ ಬಂದ್. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಅದಿರು ಮುಗಿದು ಹೋಗಿತ್ತು ಅಂತಾರಲ್ಲ?

ಇಲ್ಲ. ಮೇಲಿನ ಮೆದು ಪದರದ ಕೆಳಗೆ ಗಟ್ಟಿ ಅದಿರು ಇನ್ನೂ ಇದೆ. ಗಣಿ ನಿಂತಿದ್ದು ಆದೇಶದಿಂದ.

ಗಣಿ ಮುಚ್ಚಿದರೆ ಊರು ಯಾಕೆ ಖಾಲಿ ಆಗಬೇಕು? ಕೆಜಿಎಫ್‌ನಲ್ಲಿ ಜನ ಇದ್ದಾರಲ್ಲ?

ಒಳ್ಳೆ ಪ್ರಶ್ನೆ. ಎಲ್ಲರೂ ಕೋರ್ಟಿನ ತೀರ್ಪಿಗೆ ನಿಲ್ಲಿಸಿಬಿಡುತ್ತಾರೆ, ಆದರೆ ತೀರ್ಪು ಹೇಳಿದ್ದು ಗಣಿ ನಿಲ್ಲಿಸಿ ಅಂತ, ಕಾರ್ಮಿಕರು ಊರು ಬಿಡಬೇಕು ಅಂತ ಅಲ್ಲ.

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಅಂದರೆ ಇದಕ್ಕಿಂತ ಐದು ವರ್ಷ ಮುಂಚೆ. ಅಲ್ಲಿನ ಜನ ಕಷ್ಟ ಪಟ್ಟರು, ಇವತ್ತಿಗೂ ಪಡುತ್ತಿದ್ದಾರೆ, ಆದರೆ ಊರು ಬಿಡಲಿಲ್ಲ. ಯಾಕೆ? ಅಲ್ಲಿ ಗಣಿ ನೂರಿಪ್ಪತ್ತು ವರ್ಷ ನಡೆದಿತ್ತು. ಮುತ್ತಜ್ಜನ ಕಾಲದಿಂದ ಅಲ್ಲೇ ಹುಟ್ಟಿ ಅಲ್ಲೇ ಸತ್ತವರು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಅಂತ ಕಂಪನಿಯ ಕಾರ್ಮಿಕರ ಲೈನು ಮನೆಗಳ ಆಚೆ ನಿಜವಾದ ಪೇಟೆ ಇತ್ತು, ಚರ್ಚು, ದೇವಸ್ಥಾನ, ನಗರಸಭೆ ಎಲ್ಲ ಇದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲಿದೆ. ಗಣಿಯ ಕೆಲಸ ಹೋದರೂ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಲ್ಲಿ ದುಡಿದು ರಾತ್ರಿ ಮನೆಗೆ ಬರಬಹುದು. ಸಾವಿರಾರು ಜನ ಹಾಗೇ ಮಾಡುತ್ತಾರೆ.

ಕುದುರೆಮುಖದಲ್ಲಿ ಇದ್ಯಾವುದೂ ಇರಲಿಲ್ಲ. ಊರಿಗೆ ಆಗಿದ್ದ ವಯಸ್ಸೇ ಮೂವತ್ತು ವರ್ಷ. ಅಜ್ಜನ ಮನೆ ಅಂತ ಹೇಳಿಕೊಳ್ಳುವವರು ಯಾರೂ ಇಲ್ಲ, ಎಲ್ಲರ ಅಜ್ಜನ ಮನೆಯೂ ಬೇರೆಲ್ಲೋ. ಮನೆ ಕಂಪನಿಯದ್ದು, ಕೆಲಸ ಇರುವ ತನಕ ಮಾತ್ರ. ಕರೆಂಟು, ನೀರು, ಆಸ್ಪತ್ರೆ ಎಲ್ಲ ಕಂಪನಿಯ ಲೆಕ್ಕದಲ್ಲೇ. ಒಂದು ಸೈಟು ತಗೊಂಡು ಸಣ್ಣದೊಂದು ಮನೆ ಕಟ್ಟಿಕೊಳ್ಳೋಣ ಅಂದರೆ ಜಾಗ ಎಲ್ಲಿದೆ? ಗೇಟು ದಾಟಿದರೆ ರಾಷ್ಟ್ರೀಯ ಉದ್ಯಾನ. ಬೇರೆ ಕೆಲಸ ಹುಡುಕೋಣ ಅಂದರೆ ಕಳಸ ಸುಮಾರು 20 ಕಿಲೋಮೀಟರ್, ಕಾರ್ಕಳ 50ರ ಹತ್ತಿರ, ಎರಡೂ ಕಡೆ ಘಟ್ಟದ ತಿರುವು. ಕಾಫಿ ತೋಟದ ಕೂಲಿ ಬಿಟ್ಟರೆ ಗಣಿಯಲ್ಲಿ ದುಡಿದವರಿಗೆ ಅಲ್ಲಿ ಸಿಗುವ ಕೆಲಸ ಇಲ್ಲ.

ಬಾಡಿಗೆ ಚಿಂತೆ ಇಲ್ಲದ ಆರಾಮದ ಬೆಲೆ ಕೊನೆಗೆ ಗೊತ್ತಾಗಿದ್ದು ಇಲ್ಲಿ. ಮೂವತ್ತು ವರ್ಷ ಬಾಳಿದರೂ ಒಂದು ಗೋಡೆ ಕೂಡ ಯಾರ ಹೆಸರಿನಲ್ಲೂ ಇರಲಿಲ್ಲ. ಗಣಿ ಮುಚ್ಚಿದ್ದು ನೆಪ ಅಂತ ನಾನು ಹೇಳುತ್ತಿಲ್ಲ. ಆದರೆ ಊರು ನಿಲ್ಲೋಕೆ ಬೇಕಾದ ಬೇರು ಒಂದೂ ಅಲ್ಲಿ ಇಳಿದಿರಲಿಲ್ಲ, ಇಳಿಯೋಕೆ ಬಿಟ್ಟೂ ಇರಲಿಲ್ಲ.

ಹಾಗಾದ್ರೆ ಒಂದೇ ದಿನಕ್ಕೆ ಎಲ್ಲರೂ ಗಂಟುಮೂಟೆ ಕಟ್ಟಿದ್ರಾ?

ಇಲ್ಲ ಮಾರಾಯ್ರೆ, ಸಿನಿಮಾದಲ್ಲಿ ಹಾಗಾಗೋದು. ತೀರ್ಪಿಗೂ ಕೊನೆ ದಿನಕ್ಕೂ ಮೂರು ವರ್ಷ ಇತ್ತಲ್ಲ. ಮಂಗಳೂರಿನ ಘಟಕಕ್ಕೆ ಒಂದಷ್ಟು ಜನ ವರ್ಗವಾದರು, ಒಂದಷ್ಟು ಜನ ಸ್ವಯಂ ನಿವೃತ್ತಿ ತಗೊಂಡರು. ಗಣಿ ನಿಂತ ಮೇಲೂ ಯಂತ್ರ ನೋಡಿಕೊಳ್ಳುವವರು, ಲಕ್ಯಾ ಕಟ್ಟೆ ಕಾಯುವವರು ಇದ್ದರು. ಮಕ್ಕಳ ಶಾಲೆ ನೋಡಿಕೊಂಡು ಒಂದೊಂದೇ ಸಂಸಾರ ಇಳಿಯಿತು. ಜನ ಕಮ್ಮಿಯಾದ ಹಾಗೆ ಅಂಗಡಿಗೆ ವ್ಯಾಪಾರ ಇಲ್ಲ, ಅಂಗಡಿ ಮುಚ್ಚಿದ ಮೇಲೆ ಉಳಿದವರಿಗೂ ಇರೋಕೆ ಕಷ್ಟ.

ಯಾರೂ ಜಾಸ್ತಿ ಮಾತಾಡದ ಇನ್ನೊಂದು ಗುಂಪಿದೆ. ಗುತ್ತಿಗೆ ಕೂಲಿಯವರು, ಹೋಟೆಲಿನವರು, ಜೀಪಿನವರು, ಕ್ವಾರ್ಟರ್ಸ್‌ಗೆ ಹಾಲು ತರಕಾರಿ ಹಾಕುತ್ತಿದ್ದ ಅಕ್ಕಪಕ್ಕದ ಹಳ್ಳಿಯವರು. ಇವರಿಗೆ ವರ್ಗವಾಗಿ ಹೋಗೋಕೆ ಬೇರೆ ಘಟಕ ಇರಲಿಲ್ಲ.

ನಕ್ಸಲರ ಭಯಕ್ಕೆ ಊರು ಬಿಟ್ಟರು ಅಂತ ಕೇಳಿದ್ದೆ.

ಆ ಕಾಲಕ್ಕೇ ಈ ಭಾಗದಲ್ಲಿ ನಕ್ಸಲ್ ಚಟುವಟಿಕೆ ಇತ್ತು, 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲೇ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತಿದ್ದೂ ನಿಜ. ಅದೂ ಗಣಿ ನಿಂತಿದ್ದೂ ಒಂದೇ ವರ್ಷ ಆಗಿದ್ದಕ್ಕೆ ಜನ ಗಂಟು ಹಾಕುತ್ತಾರೆ. ಟೌನ್‌ಶಿಪ್ ಖಾಲಿಯಾಗಿದ್ದಕ್ಕೆ ಅದು ಕಾರಣವಲ್ಲ.

ರಾಷ್ಟ್ರೀಯ ಉದ್ಯಾನದೊಳಗಿನ ಹಳ್ಳಿಗಳ ಕಥೆ ಏನು? ಅವೂ ಖಾಲಿಯಾದ್ವಾ?

ಕೆಲವು ಆಗಿವೆ, ಕೆಲವು ಇಲ್ಲ. ಇದು ಪೂರ್ತಿ ಬೇರೆ ಕಥೆ, ಟೌನ್‌ಶಿಪ್ ಜೊತೆ ಸೇರಿಸಬೇಡಿ. ಮಲೆಕುಡಿಯರು, ಗೌಡರು, ಗದ್ದೆ ತೋಟ ಮಾಡಿಕೊಂಡವರು, ಕಂಪನಿ ಬರುವ ಎಷ್ಟೋ ಮುಂಚಿನಿಂದ ಈ ಕಾಡಿನ ಒಳಗೆ ಇದ್ದವರು. ಇವರಿಗೆ ಅಜ್ಜನ ಮನೆ ಇಲ್ಲೇ. ಉದ್ಯಾನ ಆದ ಮೇಲೆ ರಸ್ತೆ ಬೇಕು, ಕರೆಂಟು ಬೇಕು, ಸೇತುವೆ ಬೇಕು ಅಂದರೆ ಒಂದೊಂದಕ್ಕೂ ಕಾನೂನಿನ ಅಡ್ಡಿ. ಸರ್ಕಾರ ಸ್ವಇಚ್ಛೆಯ ಪುನರ್ವಸತಿ ಅಂತ ಪರಿಹಾರ ಕೊಡುತ್ತದೆ, ಒಂದಷ್ಟು ಕುಟುಂಬ ಅದನ್ನು ತಗೊಂಡು ಹೊರಗೆ ಬಂದಿವೆ. ಹೆರಿಗೆಗೆ ಆಸ್ಪತ್ರೆ ಮುಟ್ಟೋಕೆ ಆಗದ ಕಡೆ ಮೂರು ತಲೆಮಾರು ಕಳೆದವರು ಹೊರಡುವುದು ಸ್ವಇಚ್ಛೆಯೋ ಸುಸ್ತೋ ಅಂತ ಹೊರಗಿನವರು ಹೇಳೋಕಾಗಲ್ಲ. ಉಳಿದವರೂ ಇದ್ದಾರೆ. ಕ್ವಾರ್ಟರ್ಸ್ ಜನ ಒಂದೇ ಗಣಿ ಮುಚ್ಚಿದ್ದಕ್ಕೆ ಹೋದರು, ಇವರು ಇಷ್ಟೆಲ್ಲ ಆದರೂ ಇದ್ದಾರೆ. ಜಮೀನು ಕೈಯಲ್ಲಿದ್ದರೆ ಎಷ್ಟು ವ್ಯತ್ಯಾಸ ನೋಡಿ.

ಟ್ರೆಕ್ ದಾರಿಯಲ್ಲಿ ಸಿಗುವ ಲೋಬೋ ಮನೆ ಕೂಡ ಗಣಿಗೆ ಸಂಬಂಧಿಸಿದ್ದಲ್ಲ, ಬೆಟ್ಟದ ಮೇಲೆ ಕೃಷಿ ಮಾಡಿಕೊಂಡಿದ್ದವರ ಮನೆ ಅದು.

ಅಲ್ಲಿ ದೆವ್ವ ಇದೆಯಾ?

ಉಂಬಳ, ಅಂದರೆ ಜಿಗಣೆ, ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಕಾದಷ್ಟು.

ಈಗ ಅಲ್ಲಿ ಯಾರಾದ್ರೂ ಇದ್ದಾರಾ?

ಇದ್ದಾರೆ, ಅದಕ್ಕೇ ಪೂರ್ತಿ ಪಾಳುಬಿದ್ದ ಊರು ಅನ್ನೋದು ಸರಿಯಲ್ಲ. ಪೊಲೀಸ್ ಠಾಣೆ ಇದೆ, ಕಂಪನಿಯ ಕಾವಲಿನವರು ಇದ್ದಾರೆ, ರಸ್ತೆಯಲ್ಲಿ ಬಸ್ಸು ಓಡುತ್ತದೆ. ಆದರೆ ಮನೆಗಳು ಬಹುಪಾಲು ಖಾಲಿ. ಇಂಥ ಮಳೆಯಲ್ಲಿ ಒಂದು ವರ್ಷ ಹೆಂಚು ಸರಿ ಮಾಡದಿದ್ದರೆ ಸಾಕು, ಛಾವಣಿ ಸೋರಿ, ಗೋಡೆ ನೆನೆದು, ಗಿಡ ಒಳಗೆ ಬರುತ್ತದೆ.

ಕಂಪನಿ ಮುಳುಗಿತಾ?

ಇಲ್ಲ. ಈಗ ಕೆಐಓಸಿಎಲ್ ಅನ್ನುವ ಹೆಸರು, ಕಚೇರಿ ಬೆಂಗಳೂರಿನ ಕೋರಮಂಗಲದಲ್ಲಿ. ಮಂಗಳೂರಿನ ಪೆಲೆಟ್ ಘಟಕಕ್ಕೆ ಛತ್ತೀಸಗಢ ಕಡೆಯ ಅದಿರನ್ನು ವಿಶಾಖಪಟ್ಟಣದಿಂದ ಹಡಗಿನಲ್ಲಿ ತರಿಸಿಕೊಂಡು ನಡೆಸಿದ್ದಾರೆ. ಮೊದಲು ಇದೇ ಬಂದರಿನಿಂದ ಅದಿರು ಹೊರಗೆ ಹೋಗುತ್ತಿತ್ತು, ಆಮೇಲೆ ಅದೇ ಬಂದರಿಗೆ ಅದಿರು ಬರೋ ಹಾಗಾಯ್ತು. ಸ್ವಂತ ಗಣಿ ಇಲ್ಲದ್ದು ಕಂಪನಿಗೆ ದೊಡ್ಡ ಪೆಟ್ಟೇ, ಸಂಡೂರಿನ ದೇವದಾರಿ ಬೆಟ್ಟದ ಗಣಿಗೆ ಅವರು ಪ್ರಯತ್ನಿಸುತ್ತಿರುವುದು ಅದಕ್ಕೇ. ಅಲ್ಲೂ ಕಾಡಿನ ಪ್ರಶ್ನೆಯೇ ಎದ್ದಿದೆ.

ಅಷ್ಟು ಮನೆ ಸುಮ್ನೆ ಹಾಳಾಗೋ ಬದಲು ರೆಸಾರ್ಟ್ ಮಾಡಬಹುದಲ್ವಾ?

ಪ್ರವಾಸೋದ್ಯಮದ ಮಾತು ಗಣಿ ನಿಂತಾಗಿನಿಂದ ಇದೆ. ನನಗೆ ಇದು ಇಷ್ಟವಿಲ್ಲ. ಡೈನಮೈಟಿನ ಸದ್ದು ನಿಲ್ಲಿಸೋಕೆ ಅಷ್ಟು ಹೋರಾಟ ಮಾಡಿ, ಅದೇ ಜಾಗಕ್ಕೆ ವಾರಾಂತ್ಯದ ಕಾರುಗಳನ್ನು ತುಂಬುವುದರಲ್ಲಿ ಏನು ಅರ್ಥ? ಹಳೆ ಶಾಲೆಯನ್ನೋ ಆಸ್ಪತ್ರೆಯನ್ನೋ ಸುತ್ತಲ ಹಳ್ಳಿಗಳಿಗಾಗಿ ಮತ್ತೆ ಶುರು ಮಾಡಿದರೆ ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ. ಕಾಡಿನ ಸಂಶೋಧನೆಗೆ ಒಂದಷ್ಟು ಕಟ್ಟಡ ಕೊಟ್ಟರೂ ಸರಿಯೇ.

ಗಣಿ ಮುಚ್ಚಿದ್ದು ಒಳ್ಳೆಯದಾಯ್ತಾ ಕೆಟ್ಟದಾಯ್ತಾ?

ಮುಚ್ಚಿದ್ದು ಸರಿ. ಆದರೆ ಮುಚ್ಚಿದ ರೀತಿಯಲ್ಲಿ ನದಿಯ ಲೆಕ್ಕ ಹಾಕಿದಷ್ಟು ಜೀಪಿನವನ ಲೆಕ್ಕ ಹಾಕಲಿಲ್ಲ. ಇದನ್ನು ಹೇಳಿದರೆ ಪರಿಸರದವರಿಗೂ ಕೋಪ, ಕಂಪನಿ ಕಡೆಯವರಿಗೂ ಕೋಪ, ಪರವಾಗಿಲ್ಲ.

ಹೋಗಿ ನೋಡಬಹುದಾ? ನಮ್ಮಪ್ಪ ಅಲ್ಲೇ ಕೆಲಸ ಮಾಡ್ತಿದ್ರು, ಹಳೆ ಕ್ವಾರ್ಟರ್ಸ್ ನೋಡೋ ಆಸೆ.

ರಸ್ತೆ ಸಾರ್ವಜನಿಕ, ಹಗಲಲ್ಲಿ ಯಾರು ಬೇಕಾದರೂ ಹೋಗಬಹುದು. ಬೆಂಗಳೂರಿನಿಂದ ಸುಮಾರು 330 ಕಿಲೋಮೀಟರ್. ಕಾರ್ಕಳದ ಕಡೆಯಿಂದ ಬಂದರೆ ದಾರಿಯಲ್ಲಿ ಹನುಮನಗುಂಡಿ, ಕಡಾಂಬಿ ಜಲಪಾತ ಸಿಗುತ್ತವೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ಗಳಿವೆ, ಕಂಡ ಕಂಡಲ್ಲಿ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ. ಗಣಿ ಜಾಗ, ಲಕ್ಯಾ ಕಟ್ಟೆ ಕಡೆಗೆ ಸುಮ್ಮನೆ ಬಿಡುವುದಿಲ್ಲ. ಶಿಖರ ಹತ್ತೋದಾದರೆ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು, ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್, ಮೇಲೆ ರಾತ್ರಿ ಉಳಿಯೋಕೆ ಅನುಮತಿ ಇಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಟ್ರೆಕ್ ಬಂದ್ ಮಾಡುತ್ತಾರೆ.

ಹಳೆ ಮನೆ ನೋಡೋಕೆ ಬರುವವರು ಕ್ವಾರ್ಟರ್ಸ್ ನಂಬರು, ಸಾಧ್ಯವಾದರೆ ಅಪ್ಪನ ಹಳೆ ಗುರುತಿನ ಚೀಟಿ ಜೊತೆಗಿಟ್ಟುಕೊಂಡು ಬನ್ನಿ. ಕಾವಲಿನವರ ಹತ್ತಿರ ವಿಷಯ ಹೇಳಿ ಕೇಳಿ. ಬೇಲಿ ಹಾರಿ ಹೋಗಬೇಡಿ, ಛಾವಣಿ ಯಾವಾಗ ಕುಸಿಯುತ್ತದೆ ಅಂತ ಹೇಳೋಕಾಗಲ್ಲ. ಡಿಸೆಂಬರ್, ಜನವರಿ ಒಳ್ಳೆ ಸಮಯ. ಊಟವನ್ನು ಕಳಸದಲ್ಲೇ ಮುಗಿಸಿಕೊಂಡು ಹೊರಡಿ.